ಎರಡು ಸಲ ಫೇಲಾದ ಹುಡುಗನ ಔಷಧಿ

ಕಳೆದ ವರ್ಷ ನನ್ನ ಖಾಲಾರ ಮಗನಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಅವನಿಗೆ ಆಗ ಐದು ವರ್ಷ. ತಲೆಗೆ ರೇಡಿಯೇಶನ್ ಕೊಡುತ್ತಾರೇನೋ ಎಂದು ಮನೆಯಲ್ಲಿ ಎಲ್ಲರೂ ಹೆದರಿದ್ದೆವು. ಸದ್ಯಕ್ಕೆ ಅದು ಬೇಡ, ಬೆನ್ನುಹುರಿಯ ನೀರಿಗೆ ಮೆಥೊಟ್ರೆಕ್ಸೇಟ್ ಇಂಜೆಕ್ಷನ್ ಕೊಡುತ್ತೇವೆ ಎಂದು ಡಾಕ್ಟರ್ ಹೇಳಿದರು. ನಾನು ಕಾಮರ್ಸ್ ವಿದ್ಯಾರ್ಥಿ, ನನಗೆ ಏನೂ ಅರ್ಥವಾಗಲಿಲ್ಲ. ಆ ಔಷಧಿಯ ಬಗ್ಗೆ ಓದುತ್ತಾ ಹೋದಾಗ ಯಲ್ಲಾಪ್ರಗಡ ಸುಬ್ಬರಾವ್ ಅವರ ಪರಿಚಯವಾಯಿತು.

ಸುಬ್ಬರಾವ್ 1895ರ ಜನವರಿ 12ರಂದು ಆಂಧ್ರದ ಭೀಮವರಂನಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದರು. ಮೆಟ್ರಿಕ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ ಮೂರನೆಯ ಸಲ ಪಾಸಾದರು. ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದಾಗ ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿ ತೊಟ್ಟರು. ಇದರಿಂದ ಇಂಗ್ಲಿಷ್ ಪ್ರೊಫೆಸರ್ ಕೋಪಗೊಂಡರು. ಸುಬ್ಬರಾವ್ ಅವರಿಗೆ ಎಂ.ಬಿ.ಬಿ.ಎಸ್. ಸಿಗಲಿಲ್ಲ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಸಿಕ್ಕಿತು. ಅವರ ಇಬ್ಬರು ಸಹೋದರರು ಸ್ಪ್ರೂ ಎಂಬ ಕರುಳಿನ ಕಾಯಿಲೆಯಿಂದ ತೀರಿಕೊಂಡಿದ್ದರು.

ಮುಂದೆ ಅವರು ಅಮೆರಿಕದ ಬಾಸ್ಟನ್ ತಲುಪಿದರು. ಖರ್ಚಿಗಾಗಿ ಆಸ್ಪತ್ರೆಯಲ್ಲಿ ರಾತ್ರಿ ಕೆಲಸ ಮಾಡುತ್ತಾ ಹಾರ್ವರ್ಡ್‌ನಲ್ಲಿ ಓದಿದರು. ರಕ್ತದಲ್ಲಿರುವ ರಂಜಕವನ್ನು ಅಳೆಯುವ ವಿಧಾನವನ್ನು ಫಿಸ್ಕೆ ಅವರ ಜೊತೆ ಕಂಡುಹಿಡಿದರು. ಆದರೂ ಹಾರ್ವರ್ಡ್‌ನಲ್ಲಿ ಕಾಯಂ ಕೆಲಸ ಸಿಗಲಿಲ್ಲ. 1940ರಲ್ಲಿ ಲೆಡರ್ಲೆ ಎಂಬ ಔಷಧಿ ಕಂಪನಿ ಸೇರಿದರು. ಅಲ್ಲಿ ಅವರ ತಂಡ ಫೋಲಿಕ್ ಆಸಿಡ್ ತಯಾರಿಸಿತು. ಸಹೋದರರನ್ನು ಕೊಂದ ಸ್ಪ್ರೂ ಕಾಯಿಲೆಯ ರಕ್ತಹೀನತೆಗೂ ಅದು ಮದ್ದು. ಆನೆಕಾಲು ರೋಗಕ್ಕೆ ಇಂದಿಗೂ ಕೊಡುವ ಡಿಇಸಿ ಮಾತ್ರೆಯೂ ಅವರ ತಂಡದ್ದೇ.

ಫೋಲಿಕ್ ಆಸಿಡ್ ಇಲ್ಲದೆ ಕ್ಯಾನ್ಸರ್ ಕಣಗಳು ಬೆಳೆಯಲಾರವು. ಆದ್ದರಿಂದ ಅದರಂತೆಯೇ ಕಾಣುವ, ಆದರೆ ಅದರ ಕೆಲಸವನ್ನು ತಡೆಯುವ ಔಷಧಿಗಳನ್ನು ತಂಡ ತಯಾರಿಸಿತು. ಬಾಸ್ಟನ್‌ನ ಡಾಕ್ಟರ್ ಸಿಡ್ನಿ ಫಾರ್ಬರ್ ಅವುಗಳಲ್ಲಿ ಒಂದಾದ ಅಮಿನೊಪ್ಟೆರಿನ್ ಅನ್ನು 16 ಮಕ್ಕಳಿಗೆ ಕೊಟ್ಟರು. 10 ಮಕ್ಕಳು ಸ್ವಲ್ಪ ಕಾಲ ಚೇತರಿಸಿಕೊಂಡರು. ಈ ವರದಿ 1948ರ ಜೂನ್‌ನಲ್ಲಿ ಪ್ರಕಟವಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ, 53ನೇ ವಯಸ್ಸಿನಲ್ಲಿ, ಸುಬ್ಬರಾವ್ ನಿಧನರಾದರು. ಅವರು ಮತ್ತೆ ಭಾರತಕ್ಕೆ ಬರಲೇ ಇಲ್ಲ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ರಕ್ತಕ್ಕೆ ಕೊಟ್ಟ ಔಷಧಿ ಮೆದುಳಿಗೆ ಸರಿಯಾಗಿ ತಲುಪುವುದಿಲ್ಲ. ಕ್ಯಾನ್ಸರ್ ಕಣಗಳು ಅಲ್ಲಿ ಅಡಗಿ ಕುಳಿತು ಮತ್ತೆ ಬರುತ್ತಿದ್ದವು. 1960ರ ದಶಕದಲ್ಲಿ ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡಾಕ್ಟರ್ ಡೊನಾಲ್ಡ್ ಪಿಂಕೆಲ್ ತಲೆಗೆ ರೇಡಿಯೇಶನ್, ಬೆನ್ನುಹುರಿಯ ನೀರಿಗೆ ಮೆಥೊಟ್ರೆಕ್ಸೇಟ್ ಎರಡನ್ನೂ ಸೇರಿಸಿ ಕೊಟ್ಟರು. ಸುಮಾರು ಅರ್ಧದಷ್ಟು ಮಕ್ಕಳು ಬದುಕುಳಿದರು. ಅದಕ್ಕೂ ಒಂದು ಬೆಲೆ ಇತ್ತು. ರೇಡಿಯೇಶನ್ ಪಡೆದ ಕೆಲವು ಮಕ್ಕಳಿಗೆ ಮುಂದೆ ಓದು, ನೆನಪು, ಬೆಳವಣಿಗೆಯಲ್ಲಿ ತೊಂದರೆಯಾಯಿತು. ಆದ್ದರಿಂದ ವೈದ್ಯರು ಅದನ್ನು ಕ್ರಮೇಣ ಕಡಿಮೆ ಮಾಡಿದರು. ಮೆದುಳಿಗೆ ಕಾಯಿಲೆ ಮರಳಿ ಬಂದಂಥ ಕೆಲವರಿಗೆ ಈಗಲೂ ಅದು ಬೇಕಾಗುತ್ತದೆ. ಉಳಿದ ಹೆಚ್ಚಿನ ಮಕ್ಕಳಿಗೆ ಔಷಧಿಗಳೇ ಸಾಕಾಗುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಮೆಥೊಟ್ರೆಕ್ಸೇಟ್.

ನಮ್ಮ ಹುಡುಗನ ಚಿಕಿತ್ಸೆ ಇನ್ನೂ ಮುಗಿದಿಲ್ಲ. ಆದರೆ ಅವನು ಈ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರಿದ್ದಾನೆ, ಮಗ್ಗಿ ಕಲಿಯುತ್ತಿದ್ದಾನೆ. ನಮ್ಮಲ್ಲಿ ಯಾರಾದರೂ ಪರೀಕ್ಷೆಯಲ್ಲಿ ಫೇಲಾದರೆ ಸುಬ್ಬರಾವ್ ಅವರನ್ನು ನೆನಪಿಸಿಕೊಳ್ಳೋಣ. ಮೂರನೆಯ ಸಲ ಅವರು ಪರೀಕ್ಷೆ ಬರೆಯದೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ನಾನು ಈಗಲೂ ಯೋಚಿಸುತ್ತೇನೆ.