ಅಹ್ಮದ್ ಖಾನ್ (ಫುಟ್‌ಬಾಲ್ ಆಟಗಾರ)

ಅಹ್ಮದ್ ಖಾನ್ (24 ಡಿಸೆಂಬರ್ 1926 – 27 ಆಗಸ್ಟ್ 2017) ಬೆಂಗಳೂರಿನಲ್ಲಿ ಜನಿಸಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ ಖ್ಯಾತಿ ಪಡೆದ ಭಾರತದ ಫುಟ್‌ಬಾಲ್ ಆಟಗಾರರು. 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗಳಲ್ಲಿ ಆಡಿದ ಅವರು 1951ರ ಮೊದಲನೆಯ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನದ ಪದಕ ಗೆದ್ದ ತಂಡದ ಸದಸ್ಯರಾಗಿದ್ದರು. ಬರಿಗಾಲಿನಲ್ಲಿ ಚೆಂಡನ್ನು ಹಿಡಿತದಲ್ಲಿಟ್ಟುಕೊಂಡು ಎದುರಾಳಿಗಳನ್ನು ವಂಚಿಸಿ ಮುನ್ನುಗ್ಗುತ್ತಿದ್ದ ಕಾರಣ ಅವರಿಗೆ ‘ಹಾವಾಡಿಗ’ ಎಂಬ ಅಡ್ಡಹೆಸರು ಬಂದಿತ್ತು.

ಆರಂಭಿಕ ಜೀವನ

ಅಹ್ಮದ್ ಖಾನರ ಮನೆಯಲ್ಲಿ ಫುಟ್‌ಬಾಲ್ ಪರಂಪರೆಯಾಗಿ ಬಂದ ಆಟ. ತಂದೆ ಬೆಂಗಳೂರಿನ ಕ್ರೆಸೆಂಟ್ ಕ್ಲಬ್ಬಿನ ಆಟಗಾರರಾಗಿದ್ದರು, ಸೋದರರೂ ಆಟಗಾರರೇ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಬ್ರಿಟಿಷ್ ಸೇನಾ ತುಕಡಿಗಳು ಈ ಆಟವನ್ನು ಬೇರೂರಿಸಿದ್ದವು. ಆ ತುಕಡಿಗಳ ಎದುರು ಆಡುತ್ತಲೇ ಸ್ಥಳೀಯ ಕ್ಲಬ್ಬುಗಳು ಬೆಳೆದವು. ಅಹ್ಮದ್ ಇನ್ನೂ ಬಾಲಕರಾಗಿದ್ದಾಗ, 1937ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ತಂಡವು ಅಲ್ಲಿಯವರೆಗೆ ಸೇನಾ ತಂಡಗಳ ಸ್ವತ್ತಿನಂತಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದು, ಮರುವರ್ಷ ಉಳಿಸಿಕೊಂಡಿತು. ಕ್ರೆಸೆಂಟ್ ತಂಡದಲ್ಲಿ ಆಟ ಆರಂಭಿಸಿದ ಅಹ್ಮದ್ ಮುಂದೆ ಇದೇ ಮುಸ್ಲಿಮ್ಸ್ ತಂಡವನ್ನು ಸೇರಿದರು.

1946ರಲ್ಲಿ ಮೈಸೂರು ತಂಡವು ಬಂಗಾಳವನ್ನು ಫೈನಲಿನಲ್ಲಿ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದುಕೊಂಡಿತು. ಮೈಸೂರಿನ ಆಟಗಾರರ ಮೇಲೆ ಕಲ್ಕತ್ತೆಯ ದೊಡ್ಡ ಕ್ಲಬ್ಬುಗಳ ಕಣ್ಣು ಬಿದ್ದುದಕ್ಕೆ ಇಂತಹ ಗೆಲುವುಗಳೇ ಕಾರಣ.

ಲಂಡನ್ ಒಲಿಂಪಿಕ್ಸ್

ಸ್ವತಂತ್ರ ಭಾರತದ ಫುಟ್‌ಬಾಲ್ ತಂಡವು ತಾಲಿಮೆರೆನ್ ಆವೊ ಅವರ ನಾಯಕತ್ವದಲ್ಲಿ 1948ರಲ್ಲಿ ಲಂಡನ್ನಿಗೆ ತೆರಳಿತು. ಜುಲೈ 31ರಂದು ಇಲ್ಫರ್ಡ್‌ನ ಕ್ರಿಕಲ್‌ಫೀಲ್ಡ್ ಮೈದಾನದಲ್ಲಿ ಫ್ರಾನ್ಸ್ ಎದುರಾಳಿಯಾಗಿತ್ತು. ಭಾರತದ ಬಹುತೇಕ ಆಟಗಾರರು ಬೂಟು ಧರಿಸಿರಲಿಲ್ಲ. ಪಾದಕ್ಕೆ ಪಟ್ಟಿ ಸುತ್ತಿಕೊಂಡು ಕಣಕ್ಕಿಳಿದಿದ್ದರು. ಮೊದಲಾರ್ಧದಲ್ಲಿ ಫ್ರಾನ್ಸ್ ಮುನ್ನಡೆ ಪಡೆಯಿತು. 70ನೆಯ ನಿಮಿಷದಲ್ಲಿ ಮೈಸೂರಿನವರೇ ಆದ ಸಾರಂಗಪಾಣಿ ರಾಮನ್ ಗೋಲು ಹೊಡೆದು ಸಮ ಮಾಡಿದರು. ಪಂದ್ಯದಲ್ಲಿ ಭಾರತಕ್ಕೆ ಎರಡು ಪೆನಾಲ್ಟಿ ಅವಕಾಶಗಳು ದೊರೆತವು, ಎರಡೂ ವ್ಯರ್ಥವಾದವು. ಕೊನೆಯ ಕ್ಷಣಗಳಲ್ಲಿ ಬಿದ್ದ ಗೋಲಿನಿಂದ ಫ್ರಾನ್ಸ್ 2–1ರಿಂದ ಗೆದ್ದಿತು. ಎಡಭಾಗದ ಒಳ ಮುನ್ನಡೆ ಆಟಗಾರರಾಗಿದ್ದ ಅಹ್ಮದ್ ಖಾನರ ಚೆಂಡಿನ ನಿಯಂತ್ರಣವು ಆಂಗ್ಲ ಪ್ರೇಕ್ಷಕರನ್ನು ಬೆರಗುಗೊಳಿಸಿತು. ಒಲಿಂಪಿಕ್ಸ್ ಬಳಿಕ ಯುರೋಪಿನಲ್ಲಿ ಪ್ರವಾಸ ಮಾಡಿದ ಭಾರತ ತಂಡವು ಹಾಲೆಂಡಿನ ಆಯಾಕ್ಸ್ ಕ್ಲಬ್ಬನ್ನು 5–1ರಿಂದ ಸೋಲಿಸಿತು.

ಈಸ್ಟ್ ಬೆಂಗಾಲ್ ಮತ್ತು ‘ಪಂಚಪಾಂಡವರು’

1949ರಲ್ಲಿ ಅಹ್ಮದ್ ಖಾನ್ ಈಸ್ಟ್ ಬೆಂಗಾಲ್ ಸೇರಿದರು. ಆಗಿನ ಆಟದ ವಿನ್ಯಾಸದಲ್ಲಿ ಮುಂದಿನ ಸಾಲಿನಲ್ಲಿ ಐವರು ಇರುತ್ತಿದ್ದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್ ಮತ್ತು ಸಾಲೆ ಅವರನ್ನು ಒಳಗೊಂಡ ಸಾಲಿಗೆ ಅಭಿಮಾನಿಗಳು ‘ಪಂಚಪಾಂಡವರು’ ಎಂದು ಹೆಸರಿಟ್ಟರು. ಗಮನಿಸಬೇಕಾದ ಸಂಗತಿಯೆಂದರೆ, ದೇಶವಿಭಜನೆಯಿಂದ ಪೂರ್ವ ಬಂಗಾಳದ ತಮ್ಮ ಊರುಗಳನ್ನು ಕಳೆದುಕೊಂಡು ಕಲ್ಕತ್ತೆಗೆ ಬಂದ ನಿರಾಶ್ರಿತರು ತಮ್ಮದೆಂದು ಅಪ್ಪಿಕೊಂಡ ಈ ಕ್ಲಬ್ಬಿನ ಅತ್ಯಂತ ಪ್ರಿಯ ವೀರರಲ್ಲಿ ಒಬ್ಬರೂ ಬಂಗಾಳಿಗಳಾಗಿರಲಿಲ್ಲ. ಐವರೂ ದಕ್ಷಿಣದವರು.

ಇವರಲ್ಲಿ ಧನರಾಜ್ ಗೋಲು ಬಾರಿಸುವುದರಲ್ಲಿ ಮುಂದಿದ್ದರೆ, ಅಹ್ಮದರ ಕೆಲಸ ದಾಳಿಯನ್ನು ಹೆಣೆಯುವುದಾಗಿತ್ತು. ಚೆಂಡನ್ನು ಪಾದದ ಬಳಿ ಹಿಡಿದಿಟ್ಟುಕೊಂಡು ಎದುರಾಳಿ ಮೈಮೇಲೆ ಬರುವವರೆಗೆ ಕಾದು, ಆತನ ದೇಹದ ಭಾರ ಒಂದು ಕಡೆಗೆ ವಾಲಿದ ಕ್ಷಣದಲ್ಲಿ ಇನ್ನೊಂದು ಕಡೆಯಿಂದ ನುಸುಳುವುದು ಅವರ ರೀತಿ. ವೇಗಕ್ಕಿಂತ ಸಮಯಪ್ರಜ್ಞೆಯನ್ನು ಅವಲಂಬಿಸಿದ್ದ ಈ ಆಟಕ್ಕೆ ಬರಿಗಾಲಿನ ಸ್ಪರ್ಶವು ಅನುಕೂಲವಾಗಿತ್ತು.

1949ರಲ್ಲಿ ಈಸ್ಟ್ ಬೆಂಗಾಲ್ ಕಲ್ಕತ್ತಾ ಲೀಗ್, ಐಎಫ್‌ಎ ಶೀಲ್ಡ್ ಮತ್ತು ರೋವರ್ಸ್ ಕಪ್ ಮೂರನ್ನೂ ಗೆದ್ದಿತು. ಶೀಲ್ಡನ್ನು 1950 ಮತ್ತು 1951ರಲ್ಲಿಯೂ ಉಳಿಸಿಕೊಂಡು, ಅದನ್ನು ಸತತ ಮೂರು ಬಾರಿ ಗೆದ್ದ ಮೊದಲ ಭಾರತೀಯ ತಂಡವೆನಿಸಿತು. 1951 ಮತ್ತು 1952ರಲ್ಲಿ ಡುರಾಂಡ್ ಕಪ್ ಸಹ ಕ್ಲಬ್ಬಿನ ಪಾಲಾಯಿತು. 1953ರಲ್ಲಿ ತಂಡವು ರುಮೇನಿಯಾ ಹಾಗೂ ಸೋವಿಯತ್ ಒಕ್ಕೂಟದ ಪ್ರವಾಸ ಕೈಗೊಂಡಿತು. ಪಂಚಪಾಂಡವರ ಸಾಲು ಆ ಹೊತ್ತಿಗೆ ಒಡೆದರೂ ಅಹ್ಮದ್ ಕ್ಲಬ್ಬನ್ನು ಬಿಡಲಿಲ್ಲ. ಅದರ ನಾಯಕತ್ವವನ್ನೂ ವಹಿಸಿ, 1959ರವರೆಗೆ ಅಲ್ಲಿಯೇ ಆಡಿದರು.

ಏಷ್ಯನ್ ಕ್ರೀಡಾಕೂಟ ಮತ್ತು ಹೆಲ್ಸಿಂಕಿ

1950ರಲ್ಲಿ ಬ್ರೆಜಿಲ್‌ನ ವಿಶ್ವಕಪ್ಪಿಗೆ ಅರ್ಹತೆ ದೊರೆತಿದ್ದರೂ ಭಾರತ ಹೋಗಲಿಲ್ಲ. ಬರಿಗಾಲಿನ ಆಟಕ್ಕೆ ಅನುಮತಿ ಸಿಗದ್ದರಿಂದ ಹೀಗಾಯಿತೆಂಬ ಕಥೆ ಇಂದಿಗೂ ಪ್ರಚಲಿತವಾಗಿದೆ. ಆದರೆ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟವು ನೀಡಿದ ಕಾರಣಗಳು ತಂಡದ ಆಯ್ಕೆಯ ಕುರಿತ ಭಿನ್ನಾಭಿಪ್ರಾಯ ಮತ್ತು ಅಭ್ಯಾಸಕ್ಕೆ ಸಮಯದ ಅಭಾವ. ಕಾರಣ ಏನೇ ಇರಲಿ, ಅಹ್ಮದರ ಪೀಳಿಗೆಗೆ ಆ ಅವಕಾಶ ಮತ್ತೆ ಬರಲಿಲ್ಲ.

ಮರುವರ್ಷ ದೆಹಲಿಯಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಸೈಯದ್ ಅಬ್ದುಲ್ ರಹೀಮ್ ತರಬೇತುದಾರರಾಗಿದ್ದರು. ಇಂಡೋನೇಷ್ಯಾ ಮತ್ತು ಆಫ್ಘಾನಿಸ್ತಾನಗಳನ್ನು ತಲಾ 3–0ರಿಂದ ಸೋಲಿಸಿದ ಭಾರತವು ಫೈನಲಿನಲ್ಲಿ ಮೇವಾಲಾಲರ ಏಕೈಕ ಗೋಲಿನಿಂದ ಇರಾನನ್ನು ಮಣಿಸಿತು. ಪ್ರಧಾನಿ ಜವಾಹರಲಾಲ್ ನೆಹರೂ ಪ್ರೇಕ್ಷಕರಲ್ಲಿದ್ದರು.

ಹದಿನಾರು ತಿಂಗಳ ನಂತರ ಎಲ್ಲವೂ ತಿರುಗುಮುರುಗಾಯಿತು. 1952ರ ಜುಲೈ 15ರಂದು ಹೆಲ್ಸಿಂಕಿಯಲ್ಲಿ ಭಾರತವು ಯುಗೊಸ್ಲಾವಿಯಾದ ಎದುರು 10–1ರಿಂದ ಸೋತಿತು. ಚಳಿಯಲ್ಲಿ ಬರಿಗಾಲಿನ ಆಟ ಸಾಗಲಿಲ್ಲ. ತಾಯ್ನಾಡಿನಲ್ಲಿ ಕಡಿಮೆ ಅವಧಿಯ ಪಂದ್ಯಗಳಿಗೆ ಒಗ್ಗಿದ್ದ ಆಟಗಾರರಿಗೆ 90 ನಿಮಿಷಗಳ ಆಟ ದುಸ್ತರವಾಯಿತು. ಝೆಬೆಚ್ ಒಬ್ಬರೇ ನಾಲ್ಕು ಗೋಲು ಹೊಡೆದರು. ಭಾರತದ ಏಕೈಕ ಗೋಲನ್ನು ಪಂದ್ಯ ಮುಗಿಯುವ ಹೊತ್ತಿಗೆ, 89ನೆಯ ನಿಮಿಷದಲ್ಲಿ, ಹೊಡೆದವರು ಅಹ್ಮದ್ ಖಾನ್. ಯುಗೊಸ್ಲಾವಿಯಾ ಸಾಮಾನ್ಯ ತಂಡವಾಗಿರಲಿಲ್ಲ; ಆ ಕೂಟದಲ್ಲಿ ಅದು ಬೆಳ್ಳಿ ಪದಕ ಗಳಿಸಿತು. ಆದರೂ ಈ ಸೋಲಿನ ಆಘಾತದಿಂದ ಒಕ್ಕೂಟವು ಬೂಟು ಧರಿಸುವುದನ್ನು ಕಡ್ಡಾಯಗೊಳಿಸಿತು. ಬರಿಗಾಲಿನಲ್ಲಿ ಪಳಗಿದ ಅಹ್ಮದರಂತಹ ಆಟಗಾರರು ವೃತ್ತಿಜೀವನದ ನಡುವೆಯೇ ಹೊಸ ಕ್ರಮಕ್ಕೆ ಹೊಂದಿಕೊಳ್ಳಬೇಕಾಯಿತು.

1954ರ ಮನಿಲಾ ಏಷ್ಯನ್ ಕ್ರೀಡಾಕೂಟದಲ್ಲೂ ಅವರು ಭಾರತವನ್ನು ಪ್ರತಿನಿಧಿಸಿದರು. ಅಲ್ಲಿ ತಂಡವು ಗುಂಪಿನ ಹಂತದಲ್ಲೇ ಹೊರಬಿದ್ದಿತು. 1956ರಲ್ಲಿ ಮೆಲ್ಬರ್ನ್‌ನಲ್ಲಿ ನಾಲ್ಕನೆಯ ಸ್ಥಾನ ಗಳಿಸಿದ, ಬೂಟು ಧರಿಸಿ ಆಡಿದ ತಂಡದಲ್ಲಿ ಅಹ್ಮದ್ ಖಾನ್ ಇರಲಿಲ್ಲ. ಅದೇ ವರ್ಷ ಈಸ್ಟ್ ಬೆಂಗಾಲ್ ಮತ್ತೊಮ್ಮೆ ಡುರಾಂಡ್ ಕಪ್ ಗೆದ್ದಿತು.

ನಂತರದ ಜೀವನ

1959ರಲ್ಲಿ ಅವರು ಈಸ್ಟ್ ಬೆಂಗಾಲಿನಿಂದ ನಿವೃತ್ತರಾದರು. ಕೇಂದ್ರ ಸರ್ಕಾರ ಅರ್ಜುನ ಪ್ರಶಸ್ತಿಯನ್ನು ಆರಂಭಿಸಿದ್ದು 1961ರಲ್ಲಿ. ಅಷ್ಟರಲ್ಲಿ ಪಂಚಪಾಂಡವರ ಕಾಲ ಮುಗಿದಿತ್ತು. ಈಸ್ಟ್ ಬೆಂಗಾಲ್ ಮಾತ್ರ ತನ್ನ ಆಟಗಾರನನ್ನು ಮರೆಯದೆ, ಇಳಿವಯಸ್ಸಿನಲ್ಲಿ ‘ಭಾರತ ಗೌರವ’ ಪ್ರಶಸ್ತಿ ನೀಡಿ ಸನ್ಮಾನಿಸಿತು. ಬೆಂಗಳೂರಿನಲ್ಲಿ ನೆಲೆಸಿದ್ದ ಅಹ್ಮದ್ ಖಾನ್ 2017ರ ಆಗಸ್ಟ್ 27ರಂದು, 90ನೆಯ ವಯಸ್ಸಿನಲ್ಲಿ, ಅಲ್ಲಿಯೇ ನಿಧನರಾದರು.