ಕಣ್ಣು ಸಾಲದ ಚಿತ್ರಕಾರ: ಬಿನೋದ್ ಬಿಹಾರಿ ಮುಖರ್ಜಿ

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಮಹನೀಯರೊಬ್ಬರ ಜೀವನ ಪರಿಚಯ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಮನೆಗೇ ಬಂದು ಕೇಳಿದರು. ಇಪ್ಪತ್ತೇಳು ವರ್ಷ ಇಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ನಾನು. ರಾಜಾ ರವಿವರ್ಮನ ಬಗ್ಗೆ ಬರೆಯುತ್ತೇನೆಂದು ಅವರು ನಿರೀಕ್ಷಿಸಿದ್ದರೇನೋ. ನಾನು ಬರೆಯುತ್ತಿರುವುದು ಬಿನೋದ್ ಬಿಹಾರಿ ಮುಖರ್ಜಿಯವರ ಬಗ್ಗೆ. ಬಂಗಾಳದ ಚಿತ್ರಕಾರ. 1904ರಲ್ಲಿ ಹುಟ್ಟಿ 1980ರಲ್ಲಿ ತೀರಿಕೊಂಡವರು. ನಮ್ಮೂರಿಗೂ ಅವರಿಗೂ ಏನು ಸಂಬಂಧ ಎಂದು ಕೇಳುವವರಿಗೆ ಉತ್ತರ ಮುಂದೆ ಬರುತ್ತದೆ. ಅದು ನನಗೆ ಹೆಮ್ಮೆ ತರುವ ಉತ್ತರವಲ್ಲ.

ಬಿನೋದ್ ಬಿಹಾರಿ ಹುಟ್ಟಿದ್ದು ಕಲ್ಕತ್ತೆಯ ಅಂಚಿನ ಬೆಹಾಲಾದಲ್ಲಿ. ಚಿಕ್ಕಂದಿನಿಂದಲೇ ಕಣ್ಣಿನ ತೊಂದರೆ. ಒಂದು ಕಣ್ಣು ಇದ್ದೂ ಇಲ್ಲದಂತೆ. ಇನ್ನೊಂದಕ್ಕೆ ತೀರ ಹತ್ತಿರ ಹಿಡಿದದ್ದು ಮಾತ್ರ ಕಾಣುತ್ತಿತ್ತು. ಬಹಳ ಓದಿಸಿದರೆ ಇರುವ ದೃಷ್ಟಿಯೂ ಹೋದೀತು ಎಂಬ ಭಯ ಮನೆಯವರಿಗೆ. ಹಾಗಾಗಿ ಶಾಲೆಗೆ ಸೇರುವುದು, ಬಿಡುವುದು, ಮತ್ತೆ ಸೇರುವುದು. ಮುಂದಿನ ಬೆಂಚಿನಲ್ಲಿ ಕೂತರೂ ಬೋರ್ಡಿನ ಅಕ್ಷರ ಕಾಣದ ಹುಡುಗ ತರಗತಿಯಲ್ಲಿ ಹೇಗಿರುತ್ತಾನೆಂದು ಮೇಷ್ಟ್ರಾದವರಿಗೆ ಗೊತ್ತು. ದಡ್ಡನೆಂದು ಎಣಿಸಿಬಿಡುತ್ತೇವೆ.

1917ರಲ್ಲಿ ಅವರನ್ನು ಶಾಂತಿನಿಕೇತನಕ್ಕೆ ಕಳಿಸಿದರು. ರವೀಂದ್ರನಾಥ ಠಾಕೂರರು 1901ರಲ್ಲಿ ಬೆರಳೆಣಿಕೆಯ ಮಕ್ಕಳನ್ನಿಟ್ಟುಕೊಂಡು ಶುರು ಮಾಡಿದ ಶಾಲೆ ಅದು. ಮರದಡಿ ಪಾಠ, ಸುತ್ತ ಕೆಂಪು ಮಣ್ಣಿನ ಬಯಲು, ತಾಳೆ ಮರ, ಸಂತಾಲರ ಹಳ್ಳಿಗಳು. ಅಲ್ಲಿ ಈ ಹುಡುಗನಿಗೆ ಮೊದಲ ಸಲ ಉಸಿರಾಡುವಷ್ಟು ಜಾಗ ಸಿಕ್ಕಿತು. ಎರಡು ವರ್ಷಕ್ಕೆ, 1919ರಲ್ಲಿ, ಠಾಕೂರರು ಅಲ್ಲಿಯೇ ಕಲಾಭವನ ಎಂಬ ಚಿತ್ರಶಾಲೆ ತೆರೆದರು. ಅದೇ ವರ್ಷದ ಆರಂಭದಲ್ಲಿ ಅವರು ಬೆಂಗಳೂರು, ಮೈಸೂರುಗಳಿಗೂ ಬಂದು ಹೋಗಿದ್ದರು.

ಕಲಾಭವನ ಎಂದರೆ ಈಗಿನ ದೊಡ್ಡ ವಿಶ್ವವಿದ್ಯಾಲಯದ ವಿಭಾಗವನ್ನು ಕಲ್ಪಿಸಿಕೊಳ್ಳಬೇಡಿ. ಆಗ ಅದು ಸರ್ಕಾರದ ಕಾಸಿಲ್ಲದ, ಸ್ವಂತ ಕಟ್ಟಡವೂ ಇಲ್ಲದ ಪುಟ್ಟ ಖಾಸಗಿ ಶಾಲೆ. ಹಣಕ್ಕಾಗಿ ಮುದಿ ವಯಸ್ಸಿನಲ್ಲೂ ಠಾಕೂರರು ನಾಟಕ ತಂಡ ಕಟ್ಟಿಕೊಂಡು ಊರೂರು ತಿರುಗುತ್ತಿದ್ದರು. 1936ರಲ್ಲಿ ದೆಹಲಿಗೆ ಹಾಗೆ ಬಂದಾಗ ಗಾಂಧೀಜಿ ನೋಡಲಾರದೆ, ದಾನಿಗಳಿಂದ 60,000 ರೂಪಾಯಿ ಕೊಡಿಸಿ ಅವರನ್ನು ವಾಪಸು ಕಳಿಸಿದರು. ಕೇಂದ್ರ ಸರ್ಕಾರ ಸಂಸ್ಥೆಯನ್ನು ವಹಿಸಿಕೊಂಡದ್ದು 1951ರಲ್ಲಿ.

ಹುಡುಗ ಈ ಕಲಾಭವನಕ್ಕೆ ಸೇರಬೇಕೆಂದ. ಕಲಿಸುವವರು ನಂದಲಾಲ್ ಬೋಸ್. ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ ನಂದಲಾಲರೂ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತವರು. ಮುಂದೆ ನಮ್ಮ ಸಂವಿಧಾನದ ಮೂಲ ಪ್ರತಿಯ ಪುಟಗಳನ್ನು ಚಿತ್ರಗಳಿಂದ ಅಲಂಕರಿಸಿದ್ದೂ ಇದೇ ನಂದಲಾಲರು ಮತ್ತು ಅವರ ಶಿಷ್ಯರು. ಪಠ್ಯಪುಸ್ತಕಗಳಲ್ಲಿ ಅಚ್ಚಾಗುವ ಸಂವಿಧಾನದ ಪ್ರಸ್ತಾವನೆಯ ಸುತ್ತ ಬಳ್ಳಿಯ ಅಂಚು ಇರುತ್ತದಲ್ಲ, ಅದನ್ನು ಬಿಡಿಸಿದವರು ಆ ಶಿಷ್ಯರಲ್ಲೊಬ್ಬರಾದ ಬ್ಯೋಹಾರ್ ರಾಮಮನೋಹರ ಸಿನ್ಹಾ.

ನಂದಲಾಲರಿಗೆ ಅನುಮಾನ ಬಂತು. ತಪ್ಪೆನ್ನಲಾರೆ. ಕಣ್ಣು ಕಾಣದವನಿಗೆ ಚಿತ್ರಕಲೆ ಹೇಳಿಕೊಡುವುದೆಂದರೆ ಅವನ ಬದುಕನ್ನು ಹಾಳು ಮಾಡಿದಂತೆ ಎಂದು ಯಾವ ಜವಾಬ್ದಾರಿಯುತ ಗುರುವಿಗೂ ಅನ್ನಿಸೀತು. ಅವರು ಅದನ್ನು ಠಾಕೂರರಲ್ಲಿ ಹೇಳಿಕೊಂಡರು. ಠಾಕೂರರು ಕಣ್ಣಿನ ವಿಚಾರವನ್ನೇ ಎತ್ತಲಿಲ್ಲವಂತೆ. ಹುಡುಗ ದಿನವೂ ಬಂದು ತನ್ನ ಜಾಗದಲ್ಲಿ ಕೂತು ಮನಸ್ಸಿಟ್ಟು ಕೆಲಸ ಮಾಡುತ್ತಾನೆಯೇ ಎಂದಷ್ಟೇ ಕೇಳಿದರಂತೆ. ಮಾಡುತ್ತಾನೆ ಎಂದರು ನಂದಲಾಲರು. ಹಾಗಿದ್ದರೆ ಬಿಟ್ಟುಬಿಡಿ, ದಾರಿ ಅವನೇ ಹುಡುಕಿಕೊಳ್ಳಲಿ ಎಂಬುದು ಠಾಕೂರರ ತೀರ್ಮಾನ. ಸೀಟು ಉಳಿಯಿತು.

ಇಲ್ಲಿ ನನ್ನದೊಂದು ಮಾತು ಸೇರಿಸುತ್ತೇನೆ. ನಾನೂ ಅಂಥದೇ ಸಣ್ಣ ಖಾಸಗಿ ಚಿತ್ರಕಲಾ ಶಾಲೆಯಲ್ಲಿ ಕಲಿತವನು. ಜಿಲ್ಲಾ ಕೇಂದ್ರದ ಪೇಟೆ ಬೀದಿಯಲ್ಲಿ, ದಿನಸಿ ಅಂಗಡಿಯ ಮಹಡಿ ಮೇಲೆ ಎರಡು ಕೋಣೆ, ಇಪ್ಪತ್ತು ಚಿಲ್ಲರೆ ವಿದ್ಯಾರ್ಥಿಗಳು. ಕೆಳಗಿನಿಂದ ಒಣಮೆಣಸಿನಕಾಯಿ ಘಾಟು ಬಂದರೆ ಮಾಡೆಲ್ ಆಗಿ ಕೂತ ಮುದುಕಪ್ಪನೂ ಸೀನುತ್ತಿದ್ದ. ಅರ್ಜಿ ತರಿಸಲು ಮನಿಯಾರ್ಡರ್ ಮಾಡಿ, ಬಿಡಿಸಿದ ಚಿತ್ರಗಳನ್ನು ದಿನಪತ್ರಿಕೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದ ದಿನ ಇನ್ನೂ ನೆನಪಿದೆ. ಪ್ರಿನ್ಸಿಪಾಲರು ನನ್ನ ಅಂಕಪಟ್ಟಿ ನೋಡಲಿಲ್ಲ. ಚಿತ್ರದ ಕಟ್ಟು ಬಿಚ್ಚಿ, ನಮ್ಮಪ್ಪನ ಎತ್ತಿನ ಚಿತ್ರದ ಮೇಲೆ ಬೆರಳಿಟ್ಟು, ನಾಳೆಯಿಂದ ಬಾ ಎಂದರು. ಶುಲ್ಕವನ್ನು ನಾಲ್ಕು ಕಂತಿನಲ್ಲಿ ಕಟ್ಟಿದೆ. ಆ ಎರಡು ಕೋಣೆ ಇಲ್ಲದಿದ್ದರೆ ನಾನು ಈ ಶಾಲೆಗೆ ಮೇಷ್ಟ್ರಾಗಿ ಬರುತ್ತಿರಲಿಲ್ಲ.

ಅದಿರಲಿ. ಕಲಾಭವನದಲ್ಲಿ ಪಾಠ ನಡೆಯುತ್ತಿದ್ದ ರೀತಿ ವಿಶೇಷವಾದದ್ದು. ಸರ್ಕಾರಿ ಕಲಾಶಾಲೆಗಳಲ್ಲಿ ಆಗ ಪ್ಲಾಸ್ಟರಿನ ಗ್ರೀಕ್ ಗೊಂಬೆಗಳನ್ನು ಎದುರಿಗಿಟ್ಟು ಅದರಂತೆಯೇ ಬರೆಯಿಸುವುದು ರೂಢಿ. ನಂದಲಾಲರು ಮಕ್ಕಳನ್ನು ಬಯಲಿಗೆ ಕರೆದೊಯ್ಯುತ್ತಿದ್ದರು. ಗಿಡ, ಹಕ್ಕಿ, ಸಂತೆ, ಹೊಲದ ಕೆಲಸ, ಎಲ್ಲವೂ ಪಾಠವೇ. ಹಬ್ಬಕ್ಕೆ ನೆಲದ ಮೇಲೆ ಅಲ್ಪನಾ (ನಮ್ಮ ರಂಗೋಲಿಯ ಅಕ್ಕ ಎನ್ನಿ), ನಾಟಕಕ್ಕೆ ರಂಗಸಜ್ಜಿಕೆ, ಬಟ್ಟೆಗೆ ಬಾಟಿಕ್, ಚರ್ಮದ ಕೆಲಸ. ಚಿತ್ರ ಮೇಲು, ಕುಸುರಿ ಕೀಳು ಎಂಬ ಭೇದವಿರಲಿಲ್ಲ. ಹೊರದೇಶದಿಂದ ಬಂದ ಸ್ಟೆಲ್ಲಾ ಕ್ರಾಮ್ರಿಶ್ ಯುರೋಪಿನ ಕಲೆಯ ಇತಿಹಾಸ ಹೇಳಿದರು. ಬಿನೋದ್ ಬಿಹಾರಿ ಇದನ್ನೆಲ್ಲ ಕಿವಿಯಿಂದ, ಕೈಯಿಂದ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದ ಕಾಗದದಿಂದ ಕಲಿತರು. 1925ರಲ್ಲಿ ಅಲ್ಲಿಯೇ ಅಧ್ಯಾಪಕರಾದರು. ಪುಸ್ತಕ ಭಂಡಾರವನ್ನೂ ನೋಡಿಕೊಂಡರು.

ಬಹಳ ಜನರ ಗದ್ದಲಕ್ಕಿಂತ ಒಬ್ಬರೇ ಬಯಲಲ್ಲಿ ಅಲೆಯುವುದು ಅವರಿಗೆ ಇಷ್ಟ. ಮಳೆ ಕೊರೆದ ಕೆಂಪು ಕೊರಕಲುಗಳಿಗೆ ಅಲ್ಲಿ ಖೋವಾಯಿ ಎನ್ನುತ್ತಾರೆ. ಅದನ್ನು ಅವರು ಮತ್ತೆ ಮತ್ತೆ ಬರೆದರು. ದೇವರು, ಪುರಾಣ, ರಾಜರ ಚಿತ್ರಗಳೇ ಚಿತ್ರ ಎಂದುಕೊಂಡಿದ್ದ ಕಾಲದಲ್ಲಿ ಒಣ ಬಯಲು, ಒಂಟಿ ಮರ ಬರೆಯಲು ಧೈರ್ಯ ಬೇಕು. 1937ರ ಸುಮಾರಿಗೆ ಜಪಾನಿಗೂ ಹೋಗಿ ಅಲ್ಲಿಯ ಕುಂಚದ ಕೆಲಸ ನೋಡಿ ಬಂದರು.

ದೂರದ್ದು ಕಾಣದ ಮನುಷ್ಯ ಆರಿಸಿಕೊಂಡದ್ದು ಯಾವುದನ್ನು ನೋಡಿ: ಗೋಡೆಯನ್ನು. 1940ರಲ್ಲಿ ಕಲಾಭವನದ ಹಾಸ್ಟೆಲಿನ ಒಳಮಾಳಿಗೆಗೆ ಬೀರಭೂಮ್ ಜಿಲ್ಲೆಯ ಹಳ್ಳಿಯನ್ನೇ ಬರೆದರು. ನಡುವೆ ಕೆರೆ, ಸುತ್ತ ಮರ, ದನ, ಮನೆ, ಜನ. ಮಂಚದ ಮೇಲೆ ಅಂಗಾತ ಮಲಗಿದ ಹುಡುಗರಿಗೆ ಯಾವ ಕಡೆಯಿಂದ ನೋಡಿದರೂ ಊರು ನೆಟ್ಟಗೆ ಕಾಣುವಂತೆ. ಆ ವರ್ಷ ಅಲ್ಲಿ ಕಲಿಯಲು ಬಂದ ಒಬ್ಬ ಕಲ್ಕತ್ತೆಯ ಯುವಕ ಅದನ್ನು ನೋಡಿ ಬೆರಗಾದ. ಹೆಸರು ಸತ್ಯಜಿತ್ ರಾಯ್. 1942ರಲ್ಲಿ ಚೀನಾ ಭವನದ ಗೋಡೆಗೆ ಆಶ್ರಮದ ದಿನನಿತ್ಯದ ಬದುಕು ಬಂತು.

ಎಲ್ಲಕ್ಕಿಂತ ದೊಡ್ಡದು 1946-47ರಲ್ಲಿ ಹಿಂದಿ ಭವನದ ಮೂರು ಗೋಡೆಗಳ ಮೇಲ್ಭಾಗಕ್ಕೆ ಬರೆದ ಮಧ್ಯಯುಗದ ಸಂತರ ಚಿತ್ರ. ಮೇಲುಕೋಟೆಯಿಂದಾಗಿ ನಮಗೂ ಹತ್ತಿರದವರಾದ ರಾಮಾನುಜರು ಅಲ್ಲಿದ್ದಾರೆ. ಕಬೀರ, ಸೂರದಾಸ, ತುಲಸೀದಾಸ, ಗುರು ಗೋವಿಂದ ಸಿಂಗ್ ಇದ್ದಾರೆ. ಅವರ ಸುತ್ತ ದುಡಿಯುವ, ನಡೆಯುವ, ಹೊರೆ ಹೊರುವ ಸಾಮಾನ್ಯ ಜನ ನದಿಯಂತೆ ಹರಿದಿದ್ದಾರೆ. ಈ ಕೆಲಸದ ಕಷ್ಟ ಗಾರೆ ಕೆಲಸದವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಸುಣ್ಣದ ಗಾರೆ ಹಸಿಯಿರುವಾಗಲೇ ನೀರಿನಲ್ಲಿ ಕದಡಿದ ಬಣ್ಣ ಹಚ್ಚಬೇಕು. ಒಣಗುತ್ತ ಸುಣ್ಣವೇ ಬಣ್ಣವನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಆ ದಿನ ಬರೆದು ಮುಗಿಸುವಷ್ಟಕ್ಕೆ ಮಾತ್ರ ಗಾರೆ. ತಪ್ಪಾದರೆ ಅಳಿಸುವಂತಿಲ್ಲ, ಕೆತ್ತಿ ತೆಗೆದು ಮತ್ತೆ ಬಳಿಯಬೇಕು. ಇಂಥ ಕೆಲಸಕ್ಕೆ ಎಲ್ಲರೂ ಮೊದಲು ಅಳತೆಗೆ ಸರಿಯಾದ ನಕ್ಷೆ ಮಾಡಿಕೊಂಡು ಗೋಡೆಗೆ ಇಳಿಸುತ್ತಾರೆ. ಬಿನೋದ್ ಬಿಹಾರಿ ಪೂರ್ತಿ ನಕ್ಷೆ ಇಲ್ಲದೆ, ಸಣ್ಣ ಕರಡುಗಳನ್ನಷ್ಟೇ ಇಟ್ಟುಕೊಂಡು, ನೇರ ಗೋಡೆಗೇ ಬರೆದರು. ಹಿಂದೆ ಸರಿದು ನಿಂತು ಇಡೀ ಗೋಡೆಯನ್ನು ನೋಡಿಕೊಳ್ಳುವಷ್ಟು ದೃಷ್ಟಿ ಅವರಿಗಿರಲಿಲ್ಲ. ಇಡೀ ಗೋಡೆ ತಲೆಯೊಳಗಿತ್ತು. ಹೆಂಡತಿ ಲೀಲಾ ಅವರೂ ಕೆಲವು ಶಿಷ್ಯರೂ ಜೊತೆಗೆ ದುಡಿದರು.

ಆಮೇಲೆ ಕೆಲಕಾಲ ಶಾಂತಿನಿಕೇತನ ಬಿಟ್ಟರು. ಕಠ್ಮಂಡುವಿನ ಸರ್ಕಾರಿ ವಸ್ತುಸಂಗ್ರಹಾಲಯ, ರಾಜಸ್ಥಾನದ ವನಸ್ಥಲಿ, ಮಸ್ಸೂರಿ ಹೀಗೆ ಸುತ್ತಿದರು. ಐವತ್ತು ದಾಟಿದ ಮೇಲೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಕೆಟ್ಟು ಇದ್ದ ಬೆಳಕೂ ಆರಿತು. ಪೂರ್ತಿ ಕುರುಡು.

ಮತ್ತೆ ಶಾಂತಿನಿಕೇತನಕ್ಕೇ ಬಂದರು. ಕಲೆಯ ಇತಿಹಾಸ ಪಾಠ ಮಾಡತೊಡಗಿದರು, ಕಂಡದ್ದೆಲ್ಲ ನೆನಪಿನಲ್ಲಿತ್ತಲ್ಲ. ಮೇಣದಲ್ಲಿ ಸಣ್ಣ ಗೊಂಬೆ ಮಾಡಿದರು. ಕಾಗದ ಕತ್ತರಿಸಿ ಅಂಟಿಸಿ ಚಿತ್ರ ಕೂರಿಸಿದರು. ಕಾಗದವನ್ನು ಬೆರಳಿಂದ ಸವರಿ ಅಂಚು ಗುರುತಿಟ್ಟುಕೊಂಡು ಗೆರೆ ಎಳೆದರು. 1972ರಲ್ಲಿ ಕಲಾಭವನದ ಗೋಡೆಗೆ ಹೆಂಚಿನ ಬಿಲ್ಲೆಗಳ ದೊಡ್ಡ ಚಿತ್ರ ಕೂರಿಸಿದರು. ಬಂಗಾಳಿಯಲ್ಲಿ ತಮ್ಮ ನೆನಪುಗಳ ಪುಸ್ತಕವನ್ನೂ ತಂದರು. 1974ರಲ್ಲಿ ಪದ್ಮವಿಭೂಷಣ ಬಂತು. ಅವರ ಮಗಳು ಮೃಣಾಲಿನಿ ಮುಖರ್ಜಿ ಸೆಣಬಿನ ಹಗ್ಗ ಗಂಟು ಹಾಕಿ ಶಿಲ್ಪ ಮಾಡಿ ಹೆಸರಾದರು.

1972ರಲ್ಲೇ ಹಳೆಯ ಶಿಷ್ಯ ಸತ್ಯಜಿತ್ ರಾಯ್ ಗುರುವಿನ ಮೇಲೆ ಇಪ್ಪತ್ತು ನಿಮಿಷದ ಒಂದು ಸಾಕ್ಷ್ಯಚಿತ್ರ ತೆಗೆದರು. ಹೆಸರಿಗೆ ಒಳಗಣ್ಣು ಎಂದು ಅರ್ಥ. ನಾನು ಅದನ್ನು ನೋಡಿದ್ದು 1997ರಲ್ಲಿ, ಡ್ರಾಯಿಂಗ್ ಶಿಕ್ಷಕರ ಬೇಸಿಗೆ ತರಬೇತಿಯಲ್ಲಿ, ಒಂದು ಸಣ್ಣ ಟಿವಿಯಲ್ಲಿ. ಕಪ್ಪು ಕನ್ನಡಕದ ಆ ಮನುಷ್ಯ ಬೆರಳಿನಿಂದ ಬಿಲ್ಲೆಗಳನ್ನು ಸವರುತ್ತಿದ್ದಾಗ ನಾನು ಎದ್ದು ಹೊರಗೆ ಬಂದು ಜಗಲಿಯಲ್ಲಿ ಕೂತೆ.

ಯಾಕೆಂದರೆ ಅದಕ್ಕೆ ಎಂಟು ವರ್ಷ ಮೊದಲು, 1989ರ ಮೇ ತಿಂಗಳಲ್ಲಿ, ಈ ಶಾಲೆಯ ಹುಡುಗನೊಬ್ಬ ನನ್ನ ಬಳಿ ಅರ್ಜಿ ಹಿಡಿದು ಬಂದಿದ್ದ. ನಾನು ಕಲಿತ ಅದೇ ಮಹಡಿ ಮೇಲಿನ ಶಾಲೆಯ ಅರ್ಜಿ. ಅವನ ಬಲಗಣ್ಣಿಗೆ ಎಳವೆಯಲ್ಲೇ ಹೂ ಬಿದ್ದಿತ್ತು. ಎಡಗಣ್ಣೂ ಅಷ್ಟಕ್ಕಷ್ಟೆ. ಆದರೆ ಇಪ್ಪತ್ತೇಳು ವರ್ಷದಲ್ಲಿ ಅವನಂತೆ ಗೆರೆ ಎಳೆದ ಇನ್ನೊಬ್ಬ ನನ್ನ ತರಗತಿಯಲ್ಲಿ ಕೂತಿಲ್ಲ. ಶಿಕ್ಷಕರ ಅಭಿಪ್ರಾಯ ಎಂಬಲ್ಲಿ ನಾನು ಬರೆದೆ: ಕೈ ಚೆನ್ನಾಗಿದೆ, ದೃಷ್ಟಿದೋಷದ ಕಾರಣ ಈ ಶಿಕ್ಷಣ ಪೂರೈಸುವುದು ಅನುಮಾನ. ಪ್ರಾಮಾಣಿಕವಾಗಿ ಬರೆದೆನೆಂದೇ ಅಂದುಕೊಂಡೆ. ಹುಡುಗ ಓದಿಕೊಂಡ. ಆಗಲಿ ಸಾರ್ ಎಂದು ಮಡಿಚಿ ಜೇಬಿಗಿಟ್ಟ. ಆ ಅರ್ಜಿಯನ್ನು ಅವನು ಕಳಿಸಲೇ ಇಲ್ಲ ಎಂಬುದು, ಮೊದಲ ಕಂತಿಗೆಂದು ಅವನ ಅವ್ವ ಒಂದು ಮೇಕೆ ಮಾರಿದ್ದಳು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ನಾನೂ ದಿನವೂ ಅವನು ಬಂದು ಕೂರುತ್ತಿದ್ದುದನ್ನು ನೋಡಿದವನೇ. ಅದನ್ನು ಬರೆಯಬೇಕೆಂದು ಹೊಳೆಯಲಿಲ್ಲ.

ಅವನ ಹೆಸರು ಹಾಕುತ್ತಿಲ್ಲ, ಅವನ ಬ್ಯಾಚಿನವರಿಗೆ ಗೊತ್ತಾಗುತ್ತದೆ. ಹಿಟ್ಟಿನ ಗಿರಣಿ ನಡೆಸುತ್ತಾನೆ. ಸಂಸಾರ ಚೆನ್ನಾಗಿದೆ. ನನ್ನ ಮೇಲೆ ಅವನಿಗೆ ಸಿಟ್ಟಿದ್ದಂತೆ ಕಾಣುವುದಿಲ್ಲ. ಜೋಳ ಬೀಸಿಸಲು ಹೋದರೆ ದುಡ್ಡು ತೆಗೆದುಕೊಳ್ಳದೆ ಸತಾಯಿಸುತ್ತಾನೆ. ಗಿರಣಿಯ ಒಳಗೋಡೆಯ ಮೇಲೆ, ಹಿಟ್ಟಿನ ಧೂಳು ಕೂತ ಕಡೆಯೆಲ್ಲ ಬೆರಳಿನಿಂದ ಬರೆದ ದನ, ಮೊರ, ಸರದಿಗೆ ಕೂತ ಹೆಂಗಸರು ಇರುತ್ತಾರೆ. ದಿನಕ್ಕೊಂದು ಸಲ ಧೂಳು ಮುಚ್ಚುತ್ತದೆ. ಮರುದಿನ ಬೇರೆ ಇರುತ್ತದೆ.

ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ರಂಗಮಂದಿರದ ಹಿಂದಿನ ಗೋಡೆಗೆ ಏನಾದರೂ ಬರೆಯಿಸಬೇಕೆಂದು ಹಳೆಯ ವಿದ್ಯಾರ್ಥಿಗಳ ಸಂಘದವರು ಯೋಚಿಸುತ್ತಿದ್ದಾರೆ. ಪೇಟೆಯಿಂದ ಯಾರನ್ನೋ ಕರೆಸುವ ಮಾತಿತ್ತು. ನಾನು ಇವನ ಹೆಸರು ಹೇಳಿದ್ದೇನೆ. ಗಿರಣಿಗೂ ಹೋಗಿ ಕೇಳಿ ಬಂದೆ. ಸುಣ್ಣ, ಮರಳು, ಬಣ್ಣ ನನ್ನ ಖರ್ಚು, ಏಣಿ ಹಿಡಿಯಲು ನಾನೇ ನಿಲ್ಲುತ್ತೇನೆ ಎಂದೆ. ಬೆಲ್ಟು ಬಿಗಿ ಮಾಡುತ್ತಿದ್ದವನು ತಲೆ ಎತ್ತದೆ, ಸುಗ್ಗಿ ಮುಗಿಯಲಿ ಸಾರ್, ನೋಡೋಣ ಎಂದ.