ಡಾ. ಯಲ್ಲಾಪ್ರಗಡ ಸುಬ್ಬರಾವ್

ಗೋದಾವರಿ ಸೀಮೆಯ ಭೀಮವರಂ ಎಂಬ ಊರಿನ ಬಡ ಕುಟುಂಬವೊಂದರಲ್ಲಿ 1895ರ ಜನವರಿ 12ರಂದು ಯಲ್ಲಾಪ್ರಗಡ ಸುಬ್ಬರಾವ್ ಜನಿಸಿದರು. ಬಾಲ್ಯದಲ್ಲಿ ಅವರಿಗೆ ವಿದ್ಯೆಯ ಕಡೆಗೆ ಅಷ್ಟಾಗಿ ಒಲವಿರಲಿಲ್ಲ. ಕಾಶಿಯಲ್ಲಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಗಳಿಸಬೇಕೆಂದು ಮನೆಬಿಟ್ಟು ಹೊರಟ ಹುಡುಗನನ್ನು ತಾಯಿ ವೆಂಕಮ್ಮ ಹಿಂದಕ್ಕೆ ಕರೆತಂದರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಅವರು ತೇರ್ಗಡೆಯಾದುದು ಮೂರನೆಯ ಪ್ರಯತ್ನದಲ್ಲಿ.

ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದಾಗ ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿಯ ನಿಲುವಂಗಿ ತೊಟ್ಟು ಶಸ್ತ್ರಚಿಕಿತ್ಸೆಯ ತರಗತಿಗೆ ಹೋದರು. ಆಂಗ್ಲ ಪ್ರಾಧ್ಯಾಪಕರಿಗೆ ಇದು ಸಹನೆಯಾಗಲಿಲ್ಲ. ಪೂರ್ಣ ಪದವಿಯ ಬದಲು ಎಲ್.ಎಂ.ಎಸ್. ಅರ್ಹತಾಪತ್ರವಷ್ಟೇ ಸುಬ್ಬರಾಯರ ಪಾಲಿಗೆ ಬಂದಿತು. ಅದಕ್ಕಿಂತ ಘೋರವಾದ ಆಘಾತ ಮನೆಯಲ್ಲಿ ಕಾದಿತ್ತು. ಕರುಳನ್ನು ಕ್ಷೀಣಗೊಳಿಸುವ ಸ್ಪ್ರೂ ಎಂಬ ರೋಗಕ್ಕೆ ಇಬ್ಬರು ಸೋದರರು ಕೆಲವೇ ದಿನಗಳ ಅಂತರದಲ್ಲಿ ಬಲಿಯಾದರು. ಅದೇ ರೋಗಕ್ಕೆ ತುತ್ತಾದ ಸುಬ್ಬರಾಯರನ್ನು ಆಯುರ್ವೇದ ಪಂಡಿತ ಆಚಂಟ ಲಕ್ಷ್ಮೀಪತಿಯವರು ಉಳಿಸಿದರು.

1923ರಲ್ಲಿ ಅವರು ಪತ್ನಿ ಶೇಷಗಿರಿಯವರನ್ನು ತಾಯ್ನಾಡಿನಲ್ಲೇ ಬಿಟ್ಟು ಅಮೆರಿಕದ ಬಾಸ್ಟನ್ ನಗರವನ್ನು ಸೇರಿದರು. ಹೊಟ್ಟೆಪಾಡಿಗೆ ರಾತ್ರಿ ಆಸ್ಪತ್ರೆಯಲ್ಲಿ ಆಳಿನ ಕೆಲಸ, ಹಗಲು ವ್ಯಾಸಂಗ. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಸೈರಸ್ ಫಿಸ್ಕೆಯವರೊಡನೆ ದುಡಿದು, ರಕ್ತ ಮತ್ತು ಮೂತ್ರಗಳಲ್ಲಿರುವ ರಂಜಕವನ್ನು ಅಳೆಯುವ ವಿಧಾನವನ್ನು 1925ರಲ್ಲಿ ಪ್ರಕಟಿಸಿದರು. 1929ರಲ್ಲಿ ಸ್ನಾಯುವಿನಿಂದ ಎ.ಟಿ.ಪಿ. ಎಂಬ ವಸ್ತುವನ್ನು ಬೇರ್ಪಡಿಸಿದರು. ಜರ್ಮನಿಯ ಕಾರ್ಲ್ ಲೋಹ್‌ಮನ್ನರೂ ಅದೇ ವರ್ಷ ಸ್ವತಂತ್ರವಾಗಿ ಇದನ್ನು ಕಂಡುಹಿಡಿದರು.

ಈ ವಸ್ತುವಿನ ಮಹತ್ವ ಪೂರ್ಣವಾಗಿ ತಿಳಿದುದು ಬಹಳ ತಡವಾಗಿ. ಎ.ಟಿ.ಪಿ.ಯಲ್ಲಿ ಮೂರು ಫಾಸ್ಫೇಟುಗಳು ಸಾಲಾಗಿ ಕೂಡಿಕೊಂಡಿವೆ. ಪ್ರೋಟೀನ್ ಕೈನೇಸ್ ಎಂಬ ಕಿಣ್ವಗಳು ಕೊನೆಯ ಫಾಸ್ಫೇಟನ್ನು ಕಿತ್ತು ಬೇರೊಂದು ಪ್ರೋಟೀನಿಗೆ ಅಂಟಿಸುತ್ತವೆ. ಅದರಿಂದ ಆ ಪ್ರೋಟೀನಿನ ನಡತೆಯೇ ಬದಲಾಗುತ್ತದೆ. ಜೀವಕೋಶವು ಹಸಿದಾಗ ತನ್ನದೇ ಹಳೆಯ ಭಾಗಗಳನ್ನು ಜೀರ್ಣಿಸಿಕೊಂಡು ಬದುಕುತ್ತದೆ. ಇದಕ್ಕೆ ಆಟೋಫೇಜಿ, ಎಂದರೆ ಸ್ವಭಕ್ಷಣ, ಎಂಬ ಹೆಸರನ್ನು 1963ರಲ್ಲಿ ಕ್ರಿಶ್ಚಿಯನ್ ಡಿ ಡ್ಯೂವ್ ಇಟ್ಟರು. ಆಹಾರ ಸಮೃದ್ಧವಾಗಿರುವಾಗ ಎಂಟಾರ್ ಎಂಬ ಕೈನೇಸ್, ಯು.ಎಲ್.ಕೆ.1 ಎಂಬ ಇನ್ನೊಂದು ಕೈನೇಸಿಗೆ ಫಾಸ್ಫೇಟನ್ನು ಅಂಟಿಸಿ ಅದನ್ನು ತಡೆದಿಡುತ್ತದೆ. ಆಹಾರ ಕುಂದಿದಾಗ ಈ ಹಿಡಿತ ಸಡಿಲವಾಗಿ ಎರಡನೆಯದು ಸ್ವಭಕ್ಷಣವನ್ನು ಆರಂಭಿಸುತ್ತದೆ. ತಡೆಯುವುದಕ್ಕೂ ಆರಂಭಿಸುವುದಕ್ಕೂ ಬೇಕಾದ ಫಾಸ್ಫೇಟು ಬರುವುದು ಎ.ಟಿ.ಪಿ.ಯಿಂದಲೇ! ಇದಾವುದನ್ನೂ ಕಾಣಲು ಸುಬ್ಬರಾಯರು ಬದುಕಿರಲಿಲ್ಲ.

ಇಷ್ಟು ಸಾಧಿಸಿದರೂ ಹಾರ್ವರ್ಡ್‌ನಲ್ಲಿ ಅವರಿಗೆ ಕಾಯಂ ಹುದ್ದೆ ದೊರೆಯಲಿಲ್ಲ. 1940ರಲ್ಲಿ ಅವರು ಲೆಡರ್ಲೆ ಪ್ರಯೋಗಾಲಯವನ್ನು ಸೇರಿದರು. ಅಲ್ಲಿ ಅವರ ನೇತೃತ್ವದ ತಂಡವು 1945ರಲ್ಲಿ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಸೋದರರನ್ನು ಕಸಿದುಕೊಂಡ ಸ್ಪ್ರೂ ರೋಗಕ್ಕೆ ಅದು ಮದ್ದಾಯಿತು. ಆನೆಕಾಲು ರೋಗದ ಔಷಧವೂ, ರಕ್ತದ ಕ್ಯಾನ್ಸರ್‌ನಿಂದ ನರಳುವ ಮಕ್ಕಳಿಗೆ ಮೊದಲ ಬಾರಿಗೆ ಕೆಲಕಾಲ ಉಪಶಮನ ನೀಡಿದ ಅಮೈನಾಪ್ಟರಿನ್ ಔಷಧವೂ ಅಲ್ಲಿಂದಲೇ ಬಂದವು.

1948ರ ಆಗಸ್ಟ್ ತಿಂಗಳ ಒಂದು ರಾತ್ರಿ ನಿದ್ರೆಯಲ್ಲಿಯೇ ಅವರು ತೀರಿಕೊಂಡರು. ಆಗ ಅವರಿಗೆ ಐವತ್ತಮೂರು ವರ್ಷ. ಇಪ್ಪತ್ತೈದು ವರ್ಷಗಳಲ್ಲಿ ಒಮ್ಮೆಯೂ ಅವರು ಸ್ವದೇಶಕ್ಕೆ ಮರಳಿರಲಿಲ್ಲ. ಶೇಷಗಿರಿಯವರು ಅವರನ್ನು ಮತ್ತೆ ನೋಡಲೇ ಇಲ್ಲ.